ಬ್ರೇಕಿನ ದ್ರವವೂ ಬ್ಲೇಸ್ ಪ್ಯಾಸ್ಕಲ್ ಎಂಬ ವಿಜ್ಞಾನಿಯೂ

ಮಕ್ಕಳೇ, ಎಟಿವಿ ಎಂಬ ವಾಹನದ ಹೆಸರನ್ನು ನೀವು ಕೇಳಿದ್ದೀರಾ? ನೋಡಲು ಅದು ಮೋಟಾರ್ ಸೈಕಲ್ಲಿನಂತೆಯೇ ಇರುತ್ತದೆ. ಕುದುರೆಯ ಮೇಲೆ ಕುಳಿತಂತೆ ಎರಡೂ ಕಡೆ ಕಾಲು ಹಾಕಿ ಕುಳಿತುಕೊಳ್ಳಬೇಕು. ಹಿಡಿದು ತಿರುಗಿಸಲು ಹ್ಯಾಂಡಲ್ ಇರುತ್ತದೆ. ಆದರೆ ಚಕ್ರಗಳು ಎರಡಲ್ಲ, ನಾಲ್ಕು. ಅವುಗಳ ಟೈರುಗಳು ಉಬ್ಬಿದ ದಿಂಬಿನಂತೆ ದಪ್ಪ. ಮರಳು, ಕೆಸರು, ಕಲ್ಲುಗುಡ್ಡ ಯಾವುದೇ ಇರಲಿ, ಎಲ್ಲ ಬಗೆಯ ನೆಲದ ಮೇಲೂ ಓಡಬಲ್ಲದು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ದೇಶಗಳಲ್ಲಿ ದೊಡ್ಡ ದೊಡ್ಡ ಹೊಲಗಳನ್ನು ಸುತ್ತಲು, ಜಾನುವಾರುಗಳನ್ನು ನೋಡಿಕೊಳ್ಳಲು ಇದನ್ನು ಬಳಸುತ್ತಾರೆ.

ಇಂಥ ವಾಹನವೊಂದು ಕಡಿದಾದ ಗುಡ್ಡದಿಂದ ಇಳಿಯುತ್ತಿದೆ ಎಂದು ಭಾವಿಸಿ. ವಾಹನದ ತೂಕವೇ ನೂರಾರು ಕಿಲೋಗ್ರಾಂ. ಸವಾರನ ತೂಕ ಅದರ ಮೇಲೆ. ಇಷ್ಟನ್ನೂ ತಡೆದು ನಿಲ್ಲಿಸಲು ಸವಾರ ಮಾಡುವುದೇನು? ಹ್ಯಾಂಡಲಿನ ಬಳಿ ಇರುವ ಸನ್ನೆಯನ್ನು ಎರಡು ಮೂರು ಬೆರಳುಗಳಿಂದ ಒತ್ತುತ್ತಾನೆ, ಅಷ್ಟೆ. ವಾಹನ ನಿಂತುಬಿಡುತ್ತದೆ! ಬೆರಳಿನ ಬಲ ಚಕ್ರದವರೆಗೆ ಹೇಗೆ ಹೋಯಿತು? ನಿಮ್ಮ ಸೈಕಲ್ಲಿನಲ್ಲಿ ಇರುವಂತೆ ತಂತಿಯೋ ಕಡ್ಡಿಯೋ ಅದನ್ನು ಒಯ್ಯಲಿಲ್ಲ. ತೆಳುವಾದ ಕೊಳವೆಯಲ್ಲಿ ತುಂಬಿರುವ ದ್ರವ ಒಯ್ಯಿತು. ಅದಕ್ಕೆ ಬ್ರೇಕ್ ದ್ರವ ಎಂದು ಹೆಸರು.

ಈ ದ್ರವವನ್ನು ಆಗಾಗ ಬದಲಾಯಿಸಬೇಕು. ಬದಲಾಯಿಸಿದಾಗ ಕೊಳವೆಯೊಳಗೆ ಒಂದು ಸಣ್ಣ ಗಾಳಿಗುಳ್ಳೆಯೂ ಉಳಿಯದಂತೆ ಹೊರಹಾಕಬೇಕು. ಮೆಕ್ಯಾನಿಕ್‌ಗಳು ಇದಕ್ಕೆ ಬ್ರೇಕ್ ಬ್ಲೀಡ್ ಮಾಡುವುದು ಎನ್ನುತ್ತಾರೆ. ಒಂದು ಗುಳ್ಳೆ ಗಾಳಿಗೆ ಇಷ್ಟೊಂದು ಹೆದರಿಕೆ ಏಕೆ? ಇದನ್ನು ತಿಳಿಯಲು ನಾವು ನಾನೂರು ವರ್ಷಗಳಷ್ಟು ಹಿಂದಕ್ಕೆ, ಫ್ರಾನ್ಸ್ ದೇಶಕ್ಕೆ ಹೋಗಬೇಕು. ಮೋಟಾರು ವಾಹನವನ್ನು ಕನಸಿನಲ್ಲಿಯೂ ಕಂಡಿರದ ವಿಜ್ಞಾನಿಯೊಬ್ಬ ಅಲ್ಲಿ ಗಾಳಿಯನ್ನೂ ದ್ರವವನ್ನೂ ಪರೀಕ್ಷೆ ಮಾಡಿ ಈ ಪ್ರಶ್ನೆಗೆ ಉತ್ತರ ಬರೆದಿಟ್ಟ. ಅವನೇ ಬ್ಲೇಸ್ ಪ್ಯಾಸ್ಕಲ್.

ನೆಲದ ಮೇಲೆ ಇದ್ದಿಲಿನ ಗೆರೆ

ಪ್ಯಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ಕ್ಲೆರ್ಮಾಂ ಎಂಬ ಊರಿನಲ್ಲಿ. ತಂದೆ ಎತಿಯೆನ್ ಪ್ಯಾಸ್ಕಲ್ ಸರ್ಕಾರದ ತೆರಿಗೆ ಇಲಾಖೆಯ ಅಧಿಕಾರಿ. ಗಣಿತದಲ್ಲಿ ಒಳ್ಳೆಯ ತಿಳಿವಳಿಕೆ ಇದ್ದವರು. ಬ್ಲೇಸ್‌ಗೆ ಇನ್ನೂ ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅಕ್ಕ ಜಿಲ್ಬೆರ್ತ್, ತಂಗಿ ಜಾಕ್ಲೀನ್, ನಡುವೆ ಬ್ಲೇಸ್. ಈ ಮೂವರು ಮಕ್ಕಳನ್ನು ತಂದೆಯೇ ಬೆಳೆಸಿದರು. 1631ರಲ್ಲಿ ಅವರು ಮಕ್ಕಳೊಂದಿಗೆ ಪ್ಯಾರಿಸ್ ನಗರಕ್ಕೆ ಬಂದು ನೆಲೆಸಿದರು.

ಬ್ಲೇಸ್ ಶಾಲೆಗೆ ಹೋಗಲಿಲ್ಲ. ತಂದೆಯೇ ಮನೆಯಲ್ಲಿ ಪಾಠ ಹೇಳುತ್ತಿದ್ದರು. ಮೊದಲು ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಚೆನ್ನಾಗಿ ಕಲಿಯಲಿ, ಗಣಿತ ಆಮೇಲೆ ಎಂಬುದು ಅವರ ಯೋಜನೆ. ಗಣಿತದ ರುಚಿ ಹತ್ತಿದರೆ ಹುಡುಗ ಭಾಷೆಯನ್ನು ಮರೆತಾನು ಎಂದು ಮನೆಯಲ್ಲಿದ್ದ ಗಣಿತದ ಪುಸ್ತಕಗಳನ್ನೆಲ್ಲ ಅವನ ಕಣ್ಣಿಗೆ ಬೀಳದಂತೆ ಇಟ್ಟರು. ಬೇಡ ಎಂದದ್ದರ ಮೇಲೆಯೇ ಆಸೆ ಹೆಚ್ಚು ಅಲ್ಲವೇ? ರೇಖಾಗಣಿತ ಎಂದರೇನು ಎಂದು ಬ್ಲೇಸ್ ಕೇಳಿದ. ಆಕೃತಿಗಳನ್ನು ಸರಿಯಾಗಿ ರಚಿಸಿ, ಅವುಗಳ ನಡುವಿನ ಸಂಬಂಧವನ್ನು ಕಂಡುಹಿಡಿಯುವ ವಿದ್ಯೆ ಎಂದಷ್ಟೇ ಉತ್ತರ ಸಿಕ್ಕಿತು.

ಹುಡುಗನಿಗೆ ಅಷ್ಟೇ ಸಾಕಾಯಿತು. ಆಟದ ಹೊತ್ತಿನಲ್ಲಿ ಒಬ್ಬನೇ ಕುಳಿತು ಇದ್ದಿಲಿನಿಂದ ನೆಲದ ಮೇಲೆ ಗೆರೆ, ವೃತ್ತ, ತ್ರಿಭುಜಗಳನ್ನು ಎಳೆಯತೊಡಗಿದ. ಅವುಗಳ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಗೆರೆಯನ್ನು ಕಡ್ಡಿ ಎಂದೂ ವೃತ್ತವನ್ನು ಗುಂಡು ಎಂದೂ ತಾನೇ ಹೆಸರಿಟ್ಟುಕೊಂಡ. ಹೀಗೆ ಎಳೆಯುತ್ತ, ಅಳೆಯುತ್ತ, ಯೋಚಿಸುತ್ತ ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನಗಳಿಗೆ ಸಮ ಎಂಬಲ್ಲಿಗೆ ಬಂದು ತಲುಪಿದ. ನೀವು ತರಗತಿಯಲ್ಲಿ 180 ಡಿಗ್ರಿ ಎಂದು ಕಲಿಯುವ ಸಂಗತಿಯೇ ಇದು. ಆಗ ಅವನ ವಯಸ್ಸು 12. ಅದನ್ನು ಕಂಡ ತಂದೆಗೆ ಕಣ್ಣು ತುಂಬಿ ಬಂತು ಎಂದು ಅಕ್ಕ ಜಿಲ್ಬೆರ್ತ್ ಬರೆದಿದ್ದಾಳೆ. ಅಂದಿನಿಂದ ಗಣಿತದ ಪುಸ್ತಕಗಳು ಅವನ ಕೈಗೆ ಬಂದವು.

ಅಪ್ಪನಿಗಾಗಿ ಒಂದು ಯಂತ್ರ

1640ರಲ್ಲಿ ಕುಟುಂಬ ರೂಆಂ ಎಂಬ ಊರಿಗೆ ಹೋಯಿತು. ತಂದೆಗೆ ಅಲ್ಲಿ ತೆರಿಗೆ ಲೆಕ್ಕ ಹಾಕುವ ದೊಡ್ಡ ಜವಾಬ್ದಾರಿ. ಆಗಿನ ಫ್ರಾನ್ಸಿನ ಹಣದ ಲೆಕ್ಕ ನಮ್ಮ ರೂಪಾಯಿ ಪೈಸೆಯಷ್ಟು ಸುಲಭವಲ್ಲ. 12 ದನಿಯೆ ಸೇರಿದರೆ ಒಂದು ಸೋಲ್, 20 ಸೋಲ್ ಸೇರಿದರೆ ಒಂದು ಲಿವ್ರ್. ಸಾವಿರಾರು ಜನರ ತೆರಿಗೆಯನ್ನು ಹೀಗೆ ಕೂಡುತ್ತ ತಂದೆ ರಾತ್ರಿಯೆಲ್ಲ ನಿದ್ದೆಗೆಡುತ್ತಿದ್ದರು.

ಅವರ ಕಷ್ಟ ನೋಡಲಾರದೆ ಬ್ಲೇಸ್ 1642ರಲ್ಲಿ ಕೂಡುವ ಕಳೆಯುವ ಯಂತ್ರವೊಂದನ್ನು ಮಾಡಲು ಹೊರಟ. ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹಲ್ಲಿನ ಚಕ್ರಗಳನ್ನು ಸಾಲಾಗಿ ಜೋಡಿಸಿದ. ಒಂದು ಚಕ್ರ ಪೂರ್ತಿ ಒಂದು ಸುತ್ತು ಬಂದರೆ ಪಕ್ಕದ ಚಕ್ರ ತಾನಾಗಿಯೇ ಒಂದು ಮನೆ ಮುಂದಕ್ಕೆ ಹೋಗಬೇಕು. ನಾವು ಕೂಡುವಾಗ ದಶಕ ತೆಗೆದುಕೊಳ್ಳುತ್ತೇವಲ್ಲ, ಹಾಗೆ. ಹೇಳಲು ಸುಲಭ, ಮಾಡಲು ಕಷ್ಟ. ಹಲ್ಲುಗಳು ಸಿಕ್ಕಿಕೊಳ್ಳುತ್ತಿದ್ದವು, ಜಾರುತ್ತಿದ್ದವು. ಸರಿಹೋಗುವವರೆಗೆ ಅವನು ಸುಮಾರು 50 ಮಾದರಿಗಳನ್ನು ಮಾಡಿ ನೋಡಿದ. 1645ರಲ್ಲಿ ಯಂತ್ರ ಸಿದ್ಧವಾಯಿತು. ಪ್ಯಾಸ್ಕಲೀನ್ ಎಂದು ಹೆಸರಾದ ಈ ಯಂತ್ರಗಳಲ್ಲಿ ಕೆಲವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಇವೆ.

ಈ 50 ಮಾದರಿಗಳ ಮಾತನ್ನು ನೆನಪಿಡಿ. ಮಾಡಿ ನೋಡದೆ ಯಾವುದನ್ನೂ ಒಪ್ಪದಿರುವುದು ಪ್ಯಾಸ್ಕಲ್‌ನ ಗುಣ. ಮುಂದೆ ಗಾಳಿಯ ವಿಷಯದಲ್ಲಿಯೂ ಅವನು ಹೀಗೆಯೇ ನಡೆದುಕೊಂಡ.

ಖಾಲಿ ಜಾಗದ ಜಗಳ

ಆ ಕಾಲದ ಪಂಡಿತರು ಒಂದು ಮಾತನ್ನು ಗಟ್ಟಿಯಾಗಿ ನಂಬಿದ್ದರು. ಪ್ರಕೃತಿಗೆ ಖಾಲಿ ಜಾಗವೆಂದರೆ ಆಗದು, ಅದಕ್ಕಾಗಿಯೇ ನೀರಿನ ಪಂಪು ಎಳೆದಾಗ ನೀರು ಓಡಿಬಂದು ಆ ಜಾಗವನ್ನು ತುಂಬುತ್ತದೆ ಎನ್ನುತ್ತಿದ್ದರು. ಎರಡು ಸಾವಿರ ವರ್ಷಗಳಷ್ಟು ಹಳೆಯ ನಂಬಿಕೆ ಅದು. ಆದರೆ ಬಾವಿಯ ಪಂಪು ಸುಮಾರು 10 ಮೀಟರ್‌ಗಿಂತ ಮೇಲಕ್ಕೆ ನೀರನ್ನು ಎಳೆಯಲಾರದು ಎಂಬುದು ಪಂಪು ಮಾಡುವ ಕೆಲಸಗಾರರಿಗೆ ಗೊತ್ತಿತ್ತು. ಪ್ರಕೃತಿಯ ಆ ಭಯ 10 ಮೀಟರ್‌ಗೆ ಏಕೆ ನಿಂತುಹೋಗುತ್ತದೆ? ಇದಕ್ಕೆ ಪಂಡಿತರ ಬಳಿ ಉತ್ತರವಿರಲಿಲ್ಲ.

ಇಟಲಿಯಲ್ಲಿ ಟಾರಿಚೆಲ್ಲಿ ಎಂಬ ವಿಜ್ಞಾನಿ ಒಂದು ಪ್ರಯೋಗವನ್ನು ಸೂಚಿಸಿದ. ಒಂದು ತುದಿ ಮುಚ್ಚಿದ ಉದ್ದನೆಯ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ, ಪಾದರಸವಿರುವ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ ಪಾದರಸ ಸ್ವಲ್ಪ ಇಳಿದು ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ಹೊರಗಿನ ಗಾಳಿಯ ಭಾರ ಬಟ್ಟಲಿನ ಪಾದರಸವನ್ನು ಒತ್ತುವುದರಿಂದ ಹೀಗಾಗುತ್ತದೆ ಎಂದು ಟಾರಿಚೆಲ್ಲಿ 1644ರಲ್ಲಿ ವಿವರಿಸಿದ. ನಾವೆಲ್ಲ ಗಾಳಿಯ ಸಾಗರದ ತಳದಲ್ಲಿ ಬದುಕುತ್ತಿದ್ದೇವೆ ಎಂಬುದು ಅವನ ವಿಚಾರ.

1646ರಲ್ಲಿ ಈ ಸುದ್ದಿ ರೂಆಂ ಊರಿನ ಪ್ಯಾಸ್ಕಲ್‌ಗೆ ತಲುಪಿತು. ಅವನು ಸುದ್ದಿಯನ್ನು ಕೇಳಿ ಸುಮ್ಮನಿರಲಿಲ್ಲ. ರೂಆಂನಲ್ಲಿ ಒಳ್ಳೆಯ ಗಾಜಿನ ಕೆಲಸಗಾರರಿದ್ದರು. ಸುಮಾರು 15 ಮೀಟರ್ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿ, ಅವು ಮುರಿಯದಂತೆ ಹಡಗಿನ ಕೂವೆಮರಕ್ಕೆ ಕಟ್ಟಿ, ಜನರ ಮುಂದೆಯೇ ಎತ್ತಿ ನಿಲ್ಲಿಸಿದ. ಒಂದರಲ್ಲಿ ನೀರು, ಇನ್ನೊಂದರಲ್ಲಿ ದ್ರಾಕ್ಷಾರಸದ ಮದ್ಯ. ಎರಡೂ ಸುಮಾರು 10 ಮೀಟರ್ ಎತ್ತರದಲ್ಲಿ ನಿಂತವು. ನೀರಿಗಿಂತ ಹಗುರಾದ ಮದ್ಯ ತುಸು ಹೆಚ್ಚು ಎತ್ತರದಲ್ಲಿ ನಿಂತಿತು. ದ್ರವ ಹಗುರವಾದಷ್ಟೂ ಗಾಳಿ ಅದನ್ನು ಹೆಚ್ಚು ಮೇಲಕ್ಕೆ ಒತ್ತಿ ನಿಲ್ಲಿಸಬಲ್ಲದು ಎಂಬುದಕ್ಕೆ ಇದು ಹೊಂದಿಕೊಂಡಿತು.

ಬೆಟ್ಟದ ಮೇಲೆ ಪಾದರಸ

ಗಾಳಿಗೆ ಭಾರವಿದೆ ಎನ್ನುವುದಾದರೆ, ಬೆಟ್ಟದ ಮೇಲೆ ನಿಂತವನ ತಲೆಯ ಮೇಲೆ ಗಾಳಿ ಕಡಿಮೆ ಇರಬೇಕಲ್ಲವೇ? ಹಾಗಾದರೆ ಅಲ್ಲಿ ಪಾದರಸದ ಎತ್ತರವೂ ಕಡಿಮೆಯಾಗಬೇಕು. ಪ್ಯಾಸ್ಕಲ್‌ಗೆ ಹೊಳೆದ ಪರೀಕ್ಷೆ ಇದು. ಆದರೆ ಅವನಿಗೆ ಬೆಟ್ಟ ಹತ್ತುವ ಶಕ್ತಿ ಇರಲಿಲ್ಲ. 1647ರಲ್ಲಿ ಕಾಲುಗಳ ಬಲ ಕುಂದಿ ಊರುಗೋಲಿಲ್ಲದೆ ನಡೆಯಲಾರದ ಸ್ಥಿತಿ ಬಂದಿತ್ತು. ತಲೆನೋವು, ಹೊಟ್ಟೆನೋವು ದಿನದ ಸಂಗಾತಿಗಳಾಗಿದ್ದವು. ಆದ್ದರಿಂದ ಕ್ಲೆರ್ಮಾಂನಲ್ಲಿದ್ದ ಅಕ್ಕನ ಗಂಡ ಫ್ಲೋರಾಂ ಪೆರಿಯೆಗೆ ಪತ್ರ ಬರೆದು ಈ ಕೆಲಸ ಒಪ್ಪಿಸಿದ.

1648ರ ಸೆಪ್ಟೆಂಬರ್ 19ರ ಬೆಳಿಗ್ಗೆ ಪೆರಿಯೆ ಕೆಲವು ಗಣ್ಯರೊಂದಿಗೆ ಹೊರಟ. ಊರಿನ ತಗ್ಗಾದ ಜಾಗದಲ್ಲಿದ್ದ ಒಂದು ಮಠದ ತೋಟದಲ್ಲಿ ಮೊದಲು ಎರಡು ಕೊಳವೆಗಳಲ್ಲಿ ಪಾದರಸ ನಿಲ್ಲಿಸಿ ಅಳೆದ. ಎರಡರಲ್ಲಿಯೂ ಒಂದೇ ಎತ್ತರ. ಒಂದನ್ನು ಅಲ್ಲಿಯೇ ಬಿಟ್ಟು, ದಿನವಿಡೀ ನೋಡುತ್ತಿರಲು ಒಬ್ಬ ಸನ್ಯಾಸಿಗೆ ಹೇಳಿದ. ಇನ್ನೊಂದನ್ನು ಹೊತ್ತು ಪುಯ್ ದ ದೋಮ್ ಎಂಬ ಬೆಟ್ಟ ಹತ್ತಿದರು. ಅದರ ಎತ್ತರ ಸಮುದ್ರಮಟ್ಟದಿಂದ 1465 ಮೀಟರ್. ತುದಿಯಲ್ಲಿ ಅಳೆದಾಗ ಪಾದರಸ ಸುಮಾರು 8 ಸೆಂಟಿಮೀಟರ್ ಇಳಿದಿತ್ತು! ಗಾಳಿಗೆ ತೆರೆದ ಜಾಗದಲ್ಲಿ, ಗುಡಿಯ ಒಳಗೆ, ಮಂಜು ಮುಸುಕಿದಾಗ, ಹೀಗೆ ಐದು ಬಾರಿ ಅಳೆದರೂ ಅದೇ ಉತ್ತರ. ಇಳಿಯುವಾಗ ನಡುದಾರಿಯಲ್ಲಿ ಅಳೆದರೆ ನಡುವಿನ ಎತ್ತರ. ಕೆಳಗಿನ ತೋಟದಲ್ಲಿದ್ದ ಪಾದರಸ ಮಾತ್ರ ದಿನವಿಡೀ ಅಲುಗಿರಲಿಲ್ಲ.

ಕೆಳಗೆ ಒಂದು ಕೊಳವೆಯನ್ನು ಏಕೆ ಬಿಟ್ಟರು ಎಂದು ಯೋಚಿಸಿದಿರಾ? ಆ ದಿನ ಹವೆ ಬದಲಾಗಿ ಪಾದರಸ ಇಳಿದಿದ್ದರೆ? ಆಗ ಬೆಟ್ಟದ ಎತ್ತರವೇ ಕಾರಣ ಎನ್ನುವಂತಿರಲಿಲ್ಲ. ಕೆಳಗಿನದು ಬದಲಾಗಲಿಲ್ಲ, ಮೇಲಿನದು ಬದಲಾಯಿತು ಎಂದ ಮೇಲೆ ಅನುಮಾನಕ್ಕೆ ಎಡೆಯಿಲ್ಲ. ಒಳ್ಳೆಯ ಪ್ರಯೋಗ ಎಂದರೆ ಹೀಗಿರಬೇಕು. ಹಳೆಯ ನಂಬಿಕೆಯನ್ನು ಬಿಡಲು ಪ್ಯಾಸ್ಕಲ್‌ಗೆ ಈಗ ಗಟ್ಟಿಯಾದ ಆಧಾರ ಸಿಕ್ಕಿತು.

ಒಬ್ಬನ ಬಲ, ನೂರು ಜನರ ಕೆಲಸ

ಗಾಳಿ ಒತ್ತುವುದನ್ನು ನೋಡಿದ ಪ್ಯಾಸ್ಕಲ್ ದ್ರವಗಳು ಒತ್ತುವ ಬಗೆಯನ್ನೂ ಪರೀಕ್ಷಿಸಿದ. 1654ರ ವೇಳೆಗೆ ದ್ರವಗಳ ಸಮತೋಲನದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಅವನು ವಿವರಿಸಿದ ಒಂದು ಪಾತ್ರೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ.

ಎಲ್ಲ ಕಡೆ ಮುಚ್ಚಿದ, ನೀರು ತುಂಬಿದ ಪಾತ್ರೆ. ಅದಕ್ಕೆ ಎರಡು ಬಾಯಿಗಳು. ಒಂದು ಬಾಯಿಯ ವಿಸ್ತೀರ್ಣ ಇನ್ನೊಂದರ ನೂರು ಪಟ್ಟು. ಎರಡಕ್ಕೂ ಬಿಗಿಯಾಗಿ ಕೂರುವ ಪಿಸ್ಟನ್‌ಗಳಿವೆ. ಚಿಕ್ಕ ಪಿಸ್ಟನ್ನನ್ನು ಒಬ್ಬ ಮನುಷ್ಯ ಒತ್ತುತ್ತಾನೆ. ದೊಡ್ಡ ಪಿಸ್ಟನ್ನನ್ನು ನೂರು ಜನ ಒತ್ತುತ್ತಾರೆ. ಯಾರು ಗೆಲ್ಲುತ್ತಾರೆ? ಯಾರೂ ಇಲ್ಲ! ಒಬ್ಬನ ಬಲ ನೂರು ಜನರ ಬಲಕ್ಕೆ ಸಮನಾಗಿ ನಿಲ್ಲುತ್ತದೆ.

ಇದು ಮಂತ್ರವಲ್ಲ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಸ್ವಲ್ಪವೂ ಕಡಿಮೆಯಾಗದೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಇದೇ ಪ್ಯಾಸ್ಕಲ್‌ನ ನಿಯಮ. ಒತ್ತಡ ಎಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುವ ಬಲ. ಚಿಕ್ಕ ಪಿಸ್ಟನ್ 1 ಚದರ ಸೆಂಟಿಮೀಟರ್, ದೊಡ್ಡದು 4 ಚದರ ಸೆಂಟಿಮೀಟರ್ ಇದೆ ಎನ್ನೋಣ. ಚಿಕ್ಕದರ ಮೇಲೆ 10 ಕಿಲೋಗ್ರಾಂ ತೂಕ ಇಟ್ಟರೆ ದ್ರವದ ಎಲ್ಲ ಕಡೆಯೂ ಪ್ರತಿ ಚದರ ಸೆಂಟಿಮೀಟರ್‌ಗೆ ಅಷ್ಟೇ ಒತ್ತಡ ಬರುತ್ತದೆ. ದೊಡ್ಡ ಪಿಸ್ಟನ್‌ನಲ್ಲಿ ಅಂಥ 4 ಚದರಗಳಿವೆ. ಆದ್ದರಿಂದ ಅದು 40 ಕಿಲೋಗ್ರಾಂ ತೂಕವನ್ನು ಎತ್ತಿ ಹಿಡಿಯುತ್ತದೆ.

ಹಾಗಾದರೆ ಬಲ ಪುಕ್ಕಟೆಯಾಗಿ ಸಿಕ್ಕಿತೇ? ಇಲ್ಲ. ಚಿಕ್ಕ ಪಿಸ್ಟನ್ನನ್ನು 4 ಸೆಂಟಿಮೀಟರ್ ಒತ್ತಿದರೆ ದೊಡ್ಡದು ಏರುವುದು 1 ಸೆಂಟಿಮೀಟರ್ ಮಾತ್ರ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆದುಕೊಳ್ಳಬೇಕು. ಸನ್ನೆಗೋಲಿನ ಪಾಠದಲ್ಲಿ ಇದನ್ನೇ ನೀವು ಓದಿದ್ದೀರಿ. ದ್ರವವೂ ಸನ್ನೆಯಂತೆಯೇ ವ್ಯಾಪಾರ ಮಾಡುತ್ತದೆ ಎಂದು ಪ್ಯಾಸ್ಕಲ್ ತೋರಿಸಿದ.

ನಿಯಮ ಚಕ್ರಕ್ಕೆ ಬಂದದ್ದು

ಪ್ಯಾಸ್ಕಲ್ ಹೇಳಿದ ಪಾತ್ರೆ ನಿಜವಾದ ಯಂತ್ರವಾಗಲು ಬಹಳ ಕಾಲ ಬೇಕಾಯಿತು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ದ್ರವದ ಒತ್ತಡದಿಂದ ಕೆಲಸ ಮಾಡುವ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದ. ಆಮೇಲೆ ಮೋಟಾರು ಕಾರುಗಳು ಬಂದವು. ಮೊದಮೊದಲು ಅವುಗಳ ಬ್ರೇಕುಗಳಿಗೆ ಕಡ್ಡಿ, ತಂತಿಗಳೇ ಇದ್ದವು. ಒಂದು ತಂತಿ ಬಿಗಿಯಾಗಿ ಇನ್ನೊಂದು ಸಡಿಲವಾದರೆ ಒಂದು ಚಕ್ರ ಬೇಗ ಹಿಡಿದು ಕಾರು ಪಕ್ಕಕ್ಕೆ ಎಳೆಯುತ್ತಿತ್ತು.

ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ದ್ರವದ ಬ್ರೇಕಿಗೆ ಹಕ್ಕುಪತ್ರ ಪಡೆದ. 1921ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ಕಾರು ನಾಲ್ಕೂ ಚಕ್ರಗಳಿಗೆ ಇಂಥ ಬ್ರೇಕ್ ಹೊತ್ತು ಬಂತು. ದ್ರವ ಎಲ್ಲ ಕಡೆಗೂ ಸಮಾನ ಒತ್ತಡ ಕೊಡುತ್ತದೆ ಎಂಬ ನಿಯಮ ಇಲ್ಲಿ ಎಷ್ಟು ಉಪಯೋಗಕ್ಕೆ ಬಂತು ನೋಡಿ. ಕಾಲಿನಿಂದ ಒಂದೇ ಕಡೆ ಒತ್ತಿದರೆ ಎಲ್ಲ ಕೊಳವೆಗಳಲ್ಲಿಯೂ ಒಂದೇ ಒತ್ತಡ.

ಎಟಿವಿಯ ಹ್ಯಾಂಡಲಿನ ಬಳಿ ಒಂದು ಪುಟ್ಟ ಡಬ್ಬಿ ಇರುತ್ತದೆ. ನಮ್ಮೂರಿನ ರಸ್ತೆಗಳಲ್ಲಿ ಓಡುವ, ಡಿಸ್ಕ್ ಬ್ರೇಕ್ ಇರುವ ಮೋಟಾರ್ ಸೈಕಲ್ಲುಗಳಲ್ಲಿಯೂ ಇದನ್ನು ನೋಡಬಹುದು. ಅದರಲ್ಲಿ ಬ್ರೇಕ್ ದ್ರವ ಇರುತ್ತದೆ. ಸನ್ನೆ ಒತ್ತಿದಾಗ ಅಲ್ಲಿನ ಚಿಕ್ಕ ಪಿಸ್ಟನ್ ದ್ರವವನ್ನು ಒತ್ತುತ್ತದೆ. ಕೊಳವೆಯ ಇನ್ನೊಂದು ತುದಿಯಲ್ಲಿ, ಚಕ್ರದ ಬಳಿ, ದೊಡ್ಡ ಪಿಸ್ಟನ್ ಇದೆ. ಅದು ಬ್ರೇಕಿನ ಬಿಲ್ಲೆಗಳನ್ನು ತಿರುಗುವ ಉಕ್ಕಿನ ತಟ್ಟೆಗೆ ಒತ್ತುತ್ತದೆ. ಘರ್ಷಣೆಯಿಂದ ಚಕ್ರ ನಿಲ್ಲುತ್ತದೆ. ಇದು ಪ್ಯಾಸ್ಕಲ್‌ನ ಎರಡು ಬಾಯಿಯ ಪಾತ್ರೆಯೇ ಅಲ್ಲವೇ?

ಗಾಳಿ ಏಕೆ ಬೇಡ?

ದ್ರವದ ಕಣಗಳು ಒಂದಕ್ಕೊಂದು ತೀರ ಹತ್ತಿರ ಇರುತ್ತವೆ. ಒತ್ತಿದರೆ ಇನ್ನಷ್ಟು ಹತ್ತಿರವಾಗಲು ಜಾಗವೇ ಇಲ್ಲ. ಹಾಗಾಗಿ ಒತ್ತಿದ ಕೂಡಲೇ ಅದು ಮುಂದಿನದನ್ನು ತಳ್ಳುತ್ತದೆ. ಗಾಳಿಯ ಕಣಗಳು ದೂರ ದೂರ ಇರುತ್ತವೆ. ಒತ್ತಿದರೆ ಗಾಳಿ ಮೊದಲು ತಾನು ಕುಗ್ಗುತ್ತದೆ.

ಬ್ರೇಕಿನ ಬಿಲ್ಲೆಗೂ ತಟ್ಟೆಗೂ ನಡುವೆ ಇರುವ ಸಂದು ಒಂದು ಮಿಲಿಮೀಟರ್‌ಗಿಂತ ಕಡಿಮೆ. ಸನ್ನೆ ಒತ್ತಿದಾಗ ಚಿಕ್ಕ ಪಿಸ್ಟನ್ ತಳ್ಳುವ ದ್ರವವೂ ತೀರ ಸ್ವಲ್ಪ. ಕೊಳವೆಯಲ್ಲಿ ಗಾಳಿಗುಳ್ಳೆ ಇದ್ದರೆ ಆ ಸ್ವಲ್ಪ ತಳ್ಳುವಿಕೆಯೆಲ್ಲ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಮುಗಿದುಹೋಗುತ್ತದೆ. ಸನ್ನೆ ಸ್ಪಂಜಿನಂತೆ ಮೆತ್ತಗಾಗುತ್ತದೆ. ಹ್ಯಾಂಡಲಿಗೆ ತಾಗುವವರೆಗೆ ಒತ್ತಿದರೂ ಚಕ್ರ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಹೀಗಾದರೆ ಏನಾದೀತು ಎಂದು ನೀವೇ ಊಹಿಸಿ.

ಇನ್ನು ದ್ರವವನ್ನು ಬದಲಾಯಿಸುವುದೇಕೆ? ಹೆಚ್ಚಿನ ವಾಹನಗಳಲ್ಲಿ ಬಳಸುವ ಬ್ರೇಕ್ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ಬ್ರೇಕ್ ಹಾಕಿದಾಗ ಘರ್ಷಣೆಯಿಂದ ತಟ್ಟೆ ಬಿಸಿಯಾಗುತ್ತದೆ, ಆ ಬಿಸಿ ದ್ರವಕ್ಕೂ ತಾಗುತ್ತದೆ. ಡಾಟ್ 4 ಎಂಬ ಬಗೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದು ನೂರಕ್ಕೆ ಮೂರು ನಾಲ್ಕು ಪಾಲು ನೀರು ಹೀರಿಕೊಂಡರೆ ಈ ಮಿತಿ 155 ಡಿಗ್ರಿಗೆ ಇಳಿಯಬಹುದು. ದ್ರವ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ತೇವದಿಂದ ಒಳಭಾಗಗಳಿಗೆ ತುಕ್ಕೂ ಹಿಡಿಯುತ್ತದೆ. ಅದಕ್ಕಾಗಿಯೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸಲು ವಾಹನ ತಯಾರಕರು ಹೇಳುತ್ತಾರೆ.

ತಿಳಿದ ಮೆಕ್ಯಾನಿಕ್ ಈ ಕೆಲಸವನ್ನು ಹೀಗೆ ಮಾಡುತ್ತಾನೆ. ಡಬ್ಬಿಯ ಮುಚ್ಚಳದ ಸುತ್ತ ಧೂಳು ಒರೆಸಿ, ತೆರೆದು, ಹೊಸ ದ್ರವ ತುಂಬುತ್ತಾನೆ. ಚಕ್ರದ ಬಳಿ ಇರುವ ಬ್ಲೀಡ್ ಮೊಳೆಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸುತ್ತಾನೆ. ಸನ್ನೆಯನ್ನು ಕೆಲವು ಬಾರಿ ಒತ್ತಿ, ಒತ್ತಿ ಹಿಡಿದುಕೊಂಡೇ ಮೊಳೆಯನ್ನು ಸಡಿಲಿಸುತ್ತಾನೆ. ಹಳೆಯ ಕಂದು ಬಣ್ಣದ ದ್ರವವೂ ಗುಳ್ಳೆಗಳೂ ಹೊರಬರುತ್ತವೆ. ಮೊಳೆಯನ್ನು ಮತ್ತೆ ಬಿಗಿ ಮಾಡಿದ ಮೇಲೆಯೇ ಸನ್ನೆಯನ್ನು ಬಿಡುತ್ತಾನೆ. ಮೊದಲೇ ಬಿಟ್ಟರೆ ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಗುಳ್ಳೆ ನಿಂತು, ತಿಳಿಯಾದ ಹೊಸ ದ್ರವ ಬರುವವರೆಗೆ ಇದನ್ನೇ ಮಾಡುತ್ತಾನೆ. ನಡುನಡುವೆ ಡಬ್ಬಿಗೆ ದ್ರವ ಸೇರಿಸುತ್ತಿರುತ್ತಾನೆ. ಡಬ್ಬಿ ಖಾಲಿಯಾದರೆ ಗಾಳಿ ಮತ್ತೆ ಒಳಹೊಕ್ಕು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಕೊನೆಯಲ್ಲಿ ಸನ್ನೆ ಒತ್ತಿ ನೋಡುತ್ತಾನೆ. ಅದು ಕಲ್ಲಿನಂತೆ ಗಟ್ಟಿಯಾಗಿ ತಡೆದರೆ ಕೆಲಸ ಸರಿಯಾಗಿದೆ. ನಿಧಾನವಾಗಿ ಓಡಿಸಿ, ನಿಲ್ಲಿಸಿ, ಪರೀಕ್ಷಿಸಿದ ಮೇಲೆಯೇ ವಾಹನವನ್ನು ದಾರಿಗೆ ಬಿಡುತ್ತಾನೆ. ಬ್ರೇಕ್ ದ್ರವ ಕಣ್ಣಿಗೆ, ಚರ್ಮಕ್ಕೆ ಕೆಟ್ಟದ್ದು, ಬಣ್ಣವನ್ನೂ ಕರಗಿಸುತ್ತದೆ. ಇದು ದೊಡ್ಡವರ ಕೆಲಸ. ನೀವು ಯಾರ ವಾಹನದ ಬ್ರೇಕನ್ನೂ ಬಿಚ್ಚಬಾರದು.

ಐದು ಸೋಲ್‌ನ ಗಾಡಿ

1654ರ ನವೆಂಬರ್ ತಿಂಗಳಿನ ಬಳಿಕ ಪ್ಯಾಸ್ಕಲ್‌ನ ಮನಸ್ಸು ಹೆಚ್ಚಾಗಿ ಧರ್ಮ, ತತ್ತ್ವಗಳ ಕಡೆ ತಿರುಗಿತು. ಅದೇ ವರ್ಷ ಅವನು ಫರ್ಮಾ ಎಂಬ ಗಣಿತಜ್ಞನೊಂದಿಗೆ ಪತ್ರ ವ್ಯವಹಾರ ನಡೆಸಿ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದ್ದ. ಕಾಯಿಲೆ ಮಾತ್ರ ಅವನನ್ನು ಬಿಡಲಿಲ್ಲ.

ಬದುಕಿನ ಕೊನೆಯ ವರ್ಷ ಅವನು ಮಾಡಿದ ಒಂದು ಕೆಲಸ ನಿಮಗೆ ಅಚ್ಚರಿ ತಂದೀತು. ಆಗ ಪ್ಯಾರಿಸ್‌ನಲ್ಲಿ ಗಾಡಿಯಲ್ಲಿ ಓಡಾಡುವುದು ಶ್ರೀಮಂತರಿಗೆ ಮಾತ್ರ ಸಾಧ್ಯವಿತ್ತು. ನಿಗದಿಯಾದ ದಾರಿಯಲ್ಲಿ, ನಿಗದಿಯಾದ ಹೊತ್ತಿಗೆ, ಜನ ತುಂಬಲಿ ಬಿಡಲಿ ಹೊರಡುವ ಕುದುರೆ ಗಾಡಿಗಳನ್ನು ಓಡಿಸಬೇಕು, ಒಬ್ಬರಿಗೆ 5 ಸೋಲ್ ಮಾತ್ರ ದರ ಎಂದು ಅವನು ಗೆಳೆಯರೊಂದಿಗೆ ಯೋಜನೆ ಮಾಡಿದ. 1662ರ ಮಾರ್ಚ್ 18ರಂದು ಮೊದಲ ಗಾಡಿಗಳು ಹೊರಟವು. ನಮ್ಮ ಇಂದಿನ ಸಿಟಿ ಬಸ್ಸುಗಳ ಅಜ್ಜ ಎನ್ನಬಹುದು. ಸೈನಿಕರು, ಕೂಲಿಕಾರರು ಹತ್ತಬಾರದು ಎಂದು ಪ್ಯಾರಿಸ್‌ನ ನ್ಯಾಯಸಭೆ ತಡೆ ಹಾಕಿತು. ಗಾಡಿಗಳು ಕೆಲವು ವರ್ಷ ಓಡಿ ನಿಂತುಹೋದವು. ಇದರಿಂದ ಬರುವ ಹಣವನ್ನು ಬಡವರಿಗೆ ಕಳುಹಿಸಬೇಕೆಂಬುದು ಪ್ಯಾಸ್ಕಲ್‌ನ ಬಯಕೆಯಾಗಿತ್ತು.

ಅದೇ ವರ್ಷ ಅವನು ಮನೆಯಲ್ಲಿ ಒಂದು ಬಡ ಕುಟುಂಬಕ್ಕೆ ಆಶ್ರಯ ಕೊಟ್ಟಿದ್ದ. ಆ ಮನೆಯ ಮಗುವಿಗೆ ಸಿಡುಬು ಬಂತು. ಪ್ಯಾಸ್ಕಲ್‌ನನ್ನು ನೋಡಿಕೊಳ್ಳಲು ಬರುತ್ತಿದ್ದ ಅಕ್ಕನಿಗೆ ಮಕ್ಕಳಿದ್ದರು, ಅವರಿಗೆ ಸೋಂಕು ತಗಲುವ ಭಯವಿತ್ತು. ಕಾಯಿಲೆಯ ಮಗುವನ್ನು ಹೊರಗೆ ಕಳುಹಿಸುವ ಬದಲು ಪ್ಯಾಸ್ಕಲ್ ತಾನೇ ತನ್ನ ಮನೆ ಬಿಟ್ಟು ಅಕ್ಕನ ಮನೆಗೆ ಹೋದ. ಅಲ್ಲಿಯೇ 1662ರ ಆಗಸ್ಟ್ 19ರಂದು ತೀರಿಕೊಂಡ. ಅವನಿಗೆ ಆಗ 39 ವರ್ಷ. ದ್ರವಗಳ ಬಗ್ಗೆ ಅವನು ಬರೆದ ಪುಸ್ತಕ ಅಚ್ಚಾದದ್ದು ಮರುವರ್ಷ, 1663ರಲ್ಲಿ. ಅದನ್ನು ಅವನು ನೋಡಲಿಲ್ಲ.

1971ರಲ್ಲಿ ಒತ್ತಡದ ಅಳತೆಯ ಮಾನಕ್ಕೆ ಪ್ಯಾಸ್ಕಲ್ ಎಂದು ಹೆಸರಿಡಲಾಯಿತು. ಚಂಡಮಾರುತದ ಸುದ್ದಿಯಲ್ಲಿ ವಾಯುಭಾರ ಇಷ್ಟು ಹೆಕ್ಟೋಪ್ಯಾಸ್ಕಲ್ ಎಂದು ಹೇಳಿದಾಗ ಅವನನ್ನು ನೆನೆಯಿರಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಔಷಧದ ಅಂಗಡಿಯಿಂದ ತಂದ, ಬಳಸಿರದ, ಸೂಜಿ ಇಲ್ಲದ ಎರಡು ಸಿರಿಂಜುಗಳು (5 ಮಿಲಿಲೀಟರ್ ಮತ್ತು 20 ಮಿಲಿಲೀಟರ್), ಅವುಗಳ ತುದಿಗೆ ಬಿಗಿಯಾಗಿ ಕೂರುವ ಒಂದು ಅಡಿ ಪ್ಲಾಸ್ಟಿಕ್ ಕೊಳವೆ, ಒಂದು ಬಕೆಟ್ ನೀರು. ಆಸ್ಪತ್ರೆಯ ಕಸದಲ್ಲಿ ಬಿದ್ದ ಸಿರಿಂಜನ್ನು ಎಂದೂ ಮುಟ್ಟಬೇಡಿ.

1. ದೊಡ್ಡ ಸಿರಿಂಜಿನ ಪಿಸ್ಟನ್ನನ್ನು ಪೂರ್ತಿ ಒಳಕ್ಕೆ ಒತ್ತಿಡಿ. ಚಿಕ್ಕದರಲ್ಲಿ ನೀರು ತುಂಬಿ. ಗಾಳಿ ಸೇರದಂತೆ ಎಲ್ಲವನ್ನೂ ನೀರಿನೊಳಗೇ ಕೊಳವೆಯಿಂದ ಜೋಡಿಸಿ.

2. ಹೊರತೆಗೆದು ಚಿಕ್ಕದನ್ನು ಒತ್ತಿ. ಎರಡು ಪಿಸ್ಟನ್‌ಗಳೂ ಎಷ್ಟೆಷ್ಟು ದೂರ ಚಲಿಸಿದವು? ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ.

3. ಚಿಕ್ಕ ಸಿರಿಂಜಿನಲ್ಲಿ ಮತ್ತೆ ನೀರು ತುಂಬಿ ಮೊದಲಿನಂತೆಯೇ ಜೋಡಿಸಿ. ದೊಡ್ಡ ಪಿಸ್ಟನ್ನನ್ನು ಗೆಳೆಯ ಹೆಬ್ಬೆರಳಿನಿಂದ ತಡೆಯಲಿ. ನೀವು ಚಿಕ್ಕದನ್ನು ಒತ್ತಿ. ತಡೆಯಲು ಅವನಿಗೆ ಎಷ್ಟು ಕಷ್ಟವಾಯಿತು ಎಂದು ಕೇಳಿ.

4. ಈಗ ಚಿಕ್ಕ ಸಿರಿಂಜಿನಲ್ಲಿ ಅರ್ಧ ನೀರು, ಅರ್ಧ ಗಾಳಿ ಇರಿಸಿ ಜೋಡಿಸಿ. ಗೆಳೆಯ ಮೊದಲಿನಂತೆ ತಡೆಯಲಿ. ಒತ್ತಿದಾಗ ಚಿಕ್ಕ ಪಿಸ್ಟನ್ ಒಳಹೋಗುತ್ತದೆ, ದೊಡ್ಡದು ಅಲುಗುವುದಿಲ್ಲ. ಬಿಟ್ಟರೆ ಪುಟಿದು ಹಿಂದಕ್ಕೆ ಬರುತ್ತದೆ. ನಿಮ್ಮ ಬೆರಳಿಗೆ ತಿಳಿದ ಆ ಮೆತ್ತಗಿನ ಭಾವವೇ ಗಾಳಿ ಸೇರಿದ ಬ್ರೇಕು!

5. ಕೊಳವೆ ಬಿಚ್ಚಿ, ಚಿಕ್ಕ ಸಿರಿಂಜಿನ ತುದಿಯನ್ನು ಮೇಲೆ ಮಾಡಿ ಹಿಡಿಯಿರಿ. ಗುಳ್ಳೆ ತಾನಾಗಿಯೇ ಮೇಲಕ್ಕೆ ಬರುತ್ತದೆ. ಮೆಲ್ಲಗೆ ಒತ್ತಿ ಅದನ್ನು ಹೊರಹಾಕಿ. ಬ್ಲೀಡ್ ಮೊಳೆಯನ್ನು ಬ್ರೇಕಿನ ಮೇಲುಭಾಗದಲ್ಲಿ ಇಡುವುದು ಏಕೆ ಎಂದು ಈಗ ಹೇಳಬಲ್ಲಿರಾ?

ನಿಮ್ಮ ಅಳತೆಗಳನ್ನು ಗೆಳೆಯರ ಅಳತೆಗಳೊಂದಿಗೆ ಹೋಲಿಸಿ ನೋಡಿ. ಬೇರೆಯಾಗಿದ್ದರೆ ಕಾರಣ ಹುಡುಕಿ, ಇನ್ನೊಮ್ಮೆ ಮಾಡಿ. ಬೆಟ್ಟದ ತುದಿಯಲ್ಲಿ ಪೆರಿಯೆ ಐದು ಬಾರಿ ಅಳೆದಿದ್ದ ಎಂಬುದು ನೆನಪಿದೆಯಲ್ಲ?